ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಹೊಲಿಯುವುದು

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ಇಂಚಕ್ಕ ಮಾಡುವ ಮೊದಲ ಕೆಲಸ ಅಯಸ್ಕಾಂತ ಎಳೆಯುವುದು. ಕೆಟ್ಟುಹೋದ ಯಾವುದೋ ಸ್ಪೀಕರಿನಿಂದ ಬಿಚ್ಚಿದ, ಅಂಗೈಯಗಲದ, ಬಳೆಯಂತೆ ನಡುವೆ ತೂತಿರುವ ಕಪ್ಪು ಅಯಸ್ಕಾಂತ ಅದು. ತೂತಿಗೆ ಲಾಡಿ ಪೋಣಿಸಿ, ನಾಯಿಮರಿಯನ್ನು ತಿರುಗಾಡಿಸುವವರ ಹಾಗೆ ಅದನ್ನು ಹೊಲಿಗೆ ಯಂತ್ರದ ಕೆಳಗೆ, ಕತ್ತರಿಸುವ ಮೇಜಿನ ಸುತ್ತ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಹಿಂದಿನ ದಿನ ಉದುರಿದ ಗುಂಡುಸೂಜಿಗಳೆಲ್ಲ ಅದಕ್ಕೆ ಮುಳ್ಳುಗಳಂತೆ ಅಂಟಿಕೊಳ್ಳುತ್ತವೆ. ಅಳತೆ ಕೊಡುವವರು ಬರಿಗಾಲಲ್ಲಿ ನಿಲ್ಲುತ್ತಾರೆ, ಯಾರ ಕಾಲಿಗೂ ಚುಚ್ಚಬಾರದು ಎಂಬುದು ಅವರು ಹೇಳುವ ಕಾರಣ. ಕಾರಣ ಅದೊಂದೇ ಅಲ್ಲವೆಂದು ನನ್ನ ಅನುಮಾನ. ಸೂಜಿಯ ಜೊತೆಗೆ ಇನ್ನೇನು ಬರುತ್ತದೆ ಎಂದು ನೋಡುವ ಆಸೆಯೂ ಇದೆ. ಕೂದಲಿನ ಕ್ಲಿಪ್ಪು, ಪೆನ್ನಿನ ಸ್ಪ್ರಿಂಗು, ಕನ್ನಡಕದ ಸ್ಕ್ರೂ. ಒಮ್ಮೆ ಬೆರಳಿನ ಉಗುರಿನಷ್ಟೇ ಇರುವ ಒಂದು ಬೀಗದ ಕೈ ಬಂದಿತ್ತು. ಅಷ್ಟು ಸಣ್ಣ ಬೀಗ ಯಾವುದಿರಬಹುದು, ಅದರೊಳಗೆ ಯಾರು ಏನಿಟ್ಟಿರಬಹುದು ಎಂದು ಬಂದಬಂದವರನ್ನೆಲ್ಲ ಕೇಳಿದರು. ಅದು ಇನ್ನೂ ಮೊಳೆಗೆ ನೇತುಬಿದ್ದಿದೆ. ಜ್ವರವಿದ್ದ ದಿನವೂ ಅವರು ಈ ಕೆಲಸ ಬಿಟ್ಟದ್ದನ್ನು ಎದುರುಮನೆಯ ನಾನು ಕಂಡಿಲ್ಲ.

ಅಂಗಡಿ ಎಂದರೆ ಪೂರ್ತಿ ಅಂಗಡಿಯಲ್ಲ. ಅಕ್ಕ ಭಾವ ನಡೆಸುವ ಡ್ರೈಕ್ಲೀನಿಂಗ್ ಅಂಗಡಿಯ ಎಡಭಾಗ. ಬಲಕ್ಕೆ ಇಸ್ತ್ರಿಯ ಹಬೆ, ಪ್ಲಾಸ್ಟಿಕ್ ಹೊದ್ದು ಸಾಲಾಗಿ ತೂಗುವ ಕೋಟುಗಳು, ಎಡಕ್ಕೆ ಇಂಚಕ್ಕನ ಯಂತ್ರ. ಮಹಡಿಯ ಮೇಲೆ ಮೂವರ ಮನೆ. ಇಂಚಕ್ಕ ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಲಿದ ಬಟ್ಟೆಯನ್ನು ಮೈಗೆ ಸರಿಮಾಡಿ ಕೊಡುತ್ತಾರೆ, ಅಷ್ಟೇ. ಸೊಂಟ ಹಿಡಿಯುವುದು, ಬಿಡುವುದು, ತೋಳು ಗಿಡ್ಡ ಮಾಡುವುದು, ಸತ್ತ ಅಣ್ಣನ ಕೋಟನ್ನು ತಮ್ಮನ ಹೆಗಲಿಗೆ ಕೂರಿಸುವುದು.

“ಹೊಸ ಬಟ್ಟೆ ಹೇಳಿದ ಮಾತು ಕೇಳುತ್ತೆ,” ಎನ್ನುತ್ತಾರೆ ಅವರು. “ಹೊಲಿದ ಬಟ್ಟೆಗೆ ಆಗಲೇ ಒಂದು ಅಭಿಪ್ರಾಯ ಬಂದಿರುತ್ತೆ. ಅದರ ಹತ್ರ ಜಗಳ ಆಡೋದೇ ನನಗಿಷ್ಟ.”

ಎದುರು ನಿಂತವರ ಮುಖಕ್ಕಿಂತ ಮೊದಲು ಇಂಚಕ್ಕನ ಕಣ್ಣಿಗೆ ಬೀಳುವುದು ಅಂಗಿಯ ಹೆಗಲು. ಅರ್ಧ ಇಂಚು ಜಾರಿದ್ದರೆ ಮಾತು ತಲೆಗೆ ಹೋಗುವುದಿಲ್ಲ. ಹೀಗಾಗಿ ಭಾವ ಇಟ್ಟ ಹೆಸರು ಇಂಚಮ್ಮ. ಬೀದಿ ಅದನ್ನು ಇಂಚಕ್ಕ ಮಾಡಿಕೊಂಡಿತು. ಅಕ್ಕನೊಬ್ಬರು ಮಾತ್ರ ನಲವತ್ತಾರು ವರ್ಷದ ಈ ತಂಗಿಯನ್ನು ಇವತ್ತಿಗೂ ಪುಟ್ಟಿ ಎಂದೇ ಕರೆಯುತ್ತಾರೆ.

ಕಾಯಿಲೆ ಶುರುವಾದಾಗ ಇಂಚಕ್ಕನಿಗೆ ಹತ್ತೊಂಬತ್ತು. ಹೊಟ್ಟೆನೋವು, ಭೇದಿ, ಜ್ವರ. ಕರುಳಿನ ಗೋಡೆ ತನಗೆ ತಾನೇ ಉರಿದು ಹುಣ್ಣಾಗುವ ಕ್ರೋನ್ಸ್ ಎಂಬ ಕಾಯಿಲೆ ಇದು, ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ಇಪ್ಪತ್ನಾಲ್ಕಕ್ಕೆ ಒಮ್ಮೆ, ಮೂವತ್ತೈದಕ್ಕೆ ಇನ್ನೊಮ್ಮೆ ಕರುಳು ಕಟ್ಟಿಕೊಂಡು ಆಪರೇಷನ್ ಆಯಿತು. ಎರಡು ಸಲವೂ ಎಚ್ಚರವಾದಾಗ ಮಂಚದ ಪಕ್ಕ ಭಾವ ಇದ್ದರು. ಎರಡು ಸಲವೂ ಒಂದೇ ಮಾತು: “ಎಲ್ಲಾ ಚೆನ್ನಾಗಾಯ್ತು ಇಂಚಮ್ಮ, ಮಲಗು.”

ಎಷ್ಟು ಉದ್ದದ ಕರುಳು ತೆಗೆದರು ಎಂದು ಯಾರೂ ಹೇಳಲಿಲ್ಲ. ಹೇಳಬೇಡಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಮನೆಯವರೇ ಡಾಕ್ಟರನ್ನು ಕೇಳಿಕೊಂಡಿದ್ದರು. ವರ್ಷಗಳ ಮೇಲೆ ಬೇರೆ ಡಾಕ್ಟರೊಬ್ಬರು, ಇವರಿಗೆ ಗೊತ್ತೇ ಇದೆ ಎಂದುಕೊಂಡು ಮಾತಿನ ನಡುವೆ ಅಳತೆ ಹೇಳಿಬಿಟ್ಟರು. ಆವತ್ತು ಇಂಚಕ್ಕ ಮನೆಗೆ ಬಂದು ಅಕ್ಕನ ಮೇಲೆ ಹರಿಹಾಯ್ದರಂತೆ.

“ಗಿರಾಕಿ ಪ್ಯಾಂಟಿನಿಂದ ಒಂದಿಂಚು ಕತ್ತರಿಸೋ ಮುಂಚೆ ನಾನು ಮೂರು ಸಲ ಕೇಳ್ತೀನಿ. ನನ್ನ ಹೊಟ್ಟೆಯಿಂದ ಎಷ್ಟು ಹೋಯ್ತು ಅಂತ ನನಗೇ ಹೇಳಲಿಲ್ವಲ್ಲೇ ಅಕ್ಕ!”

“ಹೇಳಿದ್ರೆ ಏನು ಮಾಡ್ತಿದ್ದೆ? ವಾಪಸ್ ತಂದು ಹೊಲ್ಕೋತಿದ್ಯಾ?”

“ಗೊತ್ತಾದ್ರೂ ಆಗಿರ್ತಿತ್ತು!”

ಆಮೇಲಿನ ವರ್ಷಗಳು ಒಂದು ಲೆಕ್ಕಕ್ಕೆ ನೆಮ್ಮದಿಯಾಗಿಯೇ ಕಳೆದವು. ಮಾತ್ರೆ ಇತ್ತು, ಸಿಪ್ಪೆ ಬೀಜ ನಾರು ತೆಗೆದ ಊಟ ಇತ್ತು. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಟೊಮೆಟೊ ಕುದಿಸಿ, ಸಿಪ್ಪೆ ಸುಲಿದು, ಜಾಲರಿಯಲ್ಲಿ ಸೋಸುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ಅವರನ್ನು ನೋಡಿಕೊಳ್ಳುತ್ತಿದ್ದ ಕರುಳಿನ ಡಾಕ್ಟರು ದೊಡ್ಡ ದೇಹದ, ನಿಧಾನ ಮಾತಿನ ಮನುಷ್ಯ. ಒಂದು ಮಾತನ್ನು ಒತ್ತಿ ಹೇಳಿದ್ದರು: “ಊಟದ ಮೇಲೆ ಹೊಟ್ಟೆ ಹಿಡಿದ ಹಾಗಾದ್ರೆ, ಬಟ್ಟೆ ಸಡಿಲ ಆಗೋಕೆ ಶುರುವಾದ್ರೆ, ತಡ ಮಾಡದೆ ಬಂದುಬಿಡಿ.” ಅಕ್ಕ ಅದನ್ನು ಮಂತ್ರದ ಹಾಗೆ ಹಿಡಿದಿದ್ದರು. ದಿನವೂ ತಂಗಿಯ ಸೊಂಟದ ಮೇಲೆ ಅವರದೊಂದು ಕಣ್ಣು.

ಹೋದ ವರ್ಷ ಊಟದ ಮೇಲೆ ಹೊಟ್ಟೆ ಹಿಡಿಯತೊಡಗಿತು. ಇಂಚಕ್ಕ ಅದನ್ನು ಗ್ಯಾಸು ಎಂದರು. ಎರಡು ತುತ್ತು ಕಡಿಮೆ ತಿಂದರು, ಆಮೇಲೆ ಇನ್ನೆರಡು. ಅಕ್ಕ ನೋಡಿದರು, ಲಂಗ ಸೊಂಟದ ಮೇಲೆ ಗಟ್ಟಿಯಾಗಿ ಕೂತಿದೆ, ಅಂಗಿ ಹೆಗಲಿಗೆ ಅಂಟಿಕೊಂಡಿದೆ. ಸಡಿಲವೇನೂ ಆಗಿಲ್ಲವಲ್ಲ, ಗ್ಯಾಸೇ ಇರಬೇಕು ಎಂದು ಅವರೂ ನಂಬಿದರು.

ಶಾಲೆ ತೆರೆಯುವ ಮುಂಚಿನ ವಾರ, ರಾಶಿಬಿದ್ದ ಸಮವಸ್ತ್ರಗಳ ನಡುವೆ ಕೂತಿದ್ದಾಗ ಇಂಚಕ್ಕನ ಹೊಟ್ಟೆ ಗುಡುಗುಟ್ಟಿ, ಡೋಲಿನಂತೆ ಉಬ್ಬಿ, ವಾಂತಿ ನಿಲ್ಲದಾಯಿತು. ಭಾವ ಬಟ್ಟೆ ಸಾಗಿಸುವ ವ್ಯಾನಿನಲ್ಲೇ ಮಲಗಿಸಿಕೊಂಡು ಹೊರಟರು. ಮೇಲೆ ಇಸ್ತ್ರಿಯಾದ ಕೋಟುಗಳು ತಿರುವಿಗೊಮ್ಮೆ ಒಟ್ಟಿಗೇ ಬಾಗುತ್ತಿದ್ದವು.

“ಭಾವ, ಆ ಬಿಳಿ ಕೋಟು ತೆಗೀರಿ, ನಾನು ವಾಂತಿ ಮಾಡ್ತೀನಿ.”

“ಮಾಡು ತಾಯಿ, ತೊಳೆಯೋ ಅಂಗಡೀನೇ ಇಟ್ಕೊಂಡಿದೀವಿ.”

ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಒಳಗಿನ ನೀರನ್ನೆಲ್ಲ ಹೊರಗೆ ತೆಗೆದರು. ಬಾಯಿಗೆ ಏನೂ ಇಲ್ಲ, ಕೈಗೆ ಡ್ರಿಪ್ಪು. ಸ್ಕ್ಯಾನ್ ಮಾಡಿದಾಗ ಕರುಳು ಮೂರು ಕಡೆ ಕಿರಿದಾಗಿದ್ದು ಕಂಡಿತು. ಒಂದು, ಹಳೆಯ ಆಪರೇಷನ್ನಿನಲ್ಲಿ ಎರಡು ತುದಿ ಸೇರಿಸಿ ಹೊಲಿದಿದ್ದ ಜಾಗದಲ್ಲೇ. ಇನ್ನೆರಡು ಅದಕ್ಕಿಂತ ಮೇಲೆ, ಸಣ್ಣಕರುಳಿನಲ್ಲಿ.

ನೋವು ಸ್ವಲ್ಪ ತಗ್ಗಿದ ಕೂಡಲೇ ಇಂಚಕ್ಕ ಕೇಳಿದ ಮೊದಲ ಪ್ರಶ್ನೆ, “ಕಿರಿದಾಗೋದು ಅಂದ್ರೆ ಹ್ಯಾಗೆ ಡಾಕ್ಟ್ರೇ? ಕುಗ್ಗಿದೆಯಾ, ಮುದುರಿದೆಯಾ, ಇಲ್ಲಾ ಒಳಗೆ ದಪ್ಪ ಆಗಿದೆಯಾ?”

ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. “ಎರಡು ತರ ಇರುತ್ತೆ. ಒಂದು, ಉರಿ ಜಾಸ್ತಿಯಾಗಿ ಗೋಡೆ ಊದಿಕೊಂಡು ದಾರಿ ಮುಚ್ಚಿರೋದು. ಅದು ಔಷಧಿಗೆ ಇಳಿಯುತ್ತೆ. ಇನ್ನೊಂದು, ವರ್ಷಗಟ್ಟಲೆ ಹುಣ್ಣಾಗಿ ಮಾಗಿ ಹುಣ್ಣಾಗಿ ಮಾಗಿ ಕಲೆ ಕಟ್ಟಿ ಗಟ್ಟಿಯಾಗಿರೋದು. ಅದಕ್ಕೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ.”

“ಅಂದ್ರೆ ಒದ್ದೆ ಬಟ್ಟೆ ಬೇರೆ, ಬಿಸಿನೀರಲ್ಲಿ ಒಗೆದ ಉಣ್ಣೆ ಸ್ವೆಟರು ಬೇರೆ. ಒದ್ದೆ ಒಣಗುತ್ತೆ. ಸ್ವೆಟರು ಮತ್ತೆ ಹಿಗ್ಗಲ್ಲ.”

“ಹೆಚ್ಚುಕಮ್ಮಿ ಹಾಗೇ.”

“ನಂದು ಯಾವುದು?”

“ಬಹಳ ಜನರಲ್ಲಿ ಎರಡೂ ಕಲಸಿಕೊಂಡಿರುತ್ತೆ. ಸ್ಟೀರಾಯ್ಡ್ ಕೊಟ್ಟು ನೋಡೋಣ. ಎಷ್ಟು ಇಳಿಯುತ್ತೋ ಅಷ್ಟು ಊತ, ಉಳಿದಿದ್ದು ಕಲೆ.”

ಕೆಲವು ದಿನಗಳಲ್ಲಿ ಊತ ಇಳಿಯಿತು, ಮೂಗಿನ ಕೊಳವೆ ತೆಗೆದರು, ನೀರು ಕುಡಿಯುವಂತಾಯಿತು. ಆದರೆ ಮೂರು ಕಡೆಯೂ ದಾರಿ ಕಿರಿದಾಗಿಯೇ ಉಳಿದಿತ್ತು. ಕೆಳಗಿನದಕ್ಕೆ ಕ್ಯಾಮೆರಾ ಇರುವ ಉದ್ದದ ಕೊಳವೆ ತಲುಪುತ್ತದೆ. ಆ ಕೊಳವೆಯ ಮೂಲಕ ಮಡಿಸಿಟ್ಟ ಬಲೂನನ್ನು ಕಿರಿದಾದ ಜಾಗಕ್ಕೆ ತೂರಿಸಿ, ನೀರು ತುಂಬಿ, ಸ್ವಲ್ಪ ಹೊತ್ತು ಹಿಡಿದು ಹಿಗ್ಗಿಸಬಹುದು ಎಂದರು ಡಾಕ್ಟರು. ಅಪರೂಪಕ್ಕೆ ಕರುಳು ಹರಿಯುವ ಭಯವಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

“ಬಲೂನಾ?” ಎಂದು ಅಕ್ಕ ಬೆಚ್ಚಿದರು.

“ಹೆದರಬೇಡ ಕಣೇ, ಕೇಕ್ ಕತ್ತರಿಸಲ್ವಂತೆ,” ಎಂದರು ಭಾವ. ನಗು ಬಂದದ್ದು ಇಂಚಕ್ಕನಿಗೊಬ್ಬರಿಗೇ.

ಬಲೂನು ಕೆಲಸ ಮಾಡಿತು. ಹಳೆಯ ಹೊಲಿಗೆಯ ಜಾಗ ತೆರೆದುಕೊಂಡಿತು. ಇಂಚಕ್ಕನ ಕೊರಗು ಒಂದೇ, ಅಷ್ಟು ಹೊತ್ತೂ ಅವರನ್ನು ನಿದ್ದೆ ಮಾಡಿಸಿದ್ದರು, ಏನೂ ನೋಡಲಾಗಲಿಲ್ಲ.

ಉಳಿದ ಎರಡು ಜಾಗಕ್ಕೆ ಆಪರೇಷನ್ನೇ ಗತಿ ಎಂದಾಗ ಸರ್ಜನ್ ಬಂದರು. ಗಿಡ್ಡನೆಯ, ಚುರುಕು ನಡಿಗೆಯ ಹೆಂಗಸು. ಸುತ್ತುಬಳಸದೆ ಹೇಳಿದರು. ಎರಡು ಸಲ ಕತ್ತರಿಸಿ ಆಗಿದೆ. ಈ ಎರಡು ಜಾಗಗಳನ್ನೂ ಅವುಗಳ ಸುತ್ತಲಿನ ಭಾಗವನ್ನೂ ತೆಗೆದರೆ ಉಳಿಯುವ ಕರುಳು ತಿಂದ ಅನ್ನದ ಸತ್ವ ಹೀರಲು ಸಾಲದೆ ಹೋಗಬಹುದು. ಆಗ ಜೀವನಪೂರ್ತಿ ರಕ್ತನಾಳಕ್ಕೆ ಕೊಳವೆ ಹಾಕಿ ಅದರ ಮೂಲಕ ಆಹಾರ ಕೊಡಬೇಕಾಗುತ್ತದೆ.

ಅಕ್ಕ ಸೆರಗಿಲ್ಲದ್ದರಿಂದ ಅಂಗಿಯ ತುದಿಯನ್ನೇ ಬಾಯಿಗೆ ಒತ್ತಿಕೊಂಡರು. ಇಂಚಕ್ಕ, “ತೆಗೀದೆ ಆಗಲ್ವಾ?” ಎಂದರು.

“ಆಗಬಹುದು. ಕತ್ತರಿಸಿ ಎಸೆಯೋ ಬದಲು ಆ ಜಾಗಾನೇ ಅಗಲ ಮಾಡಿ ಹೊಲಿಯೋ ವಿಧಾನ ಇದೆ. ನಿಮ್ಮ ಎರಡೂ ಜಾಗ ಗಿಡ್ಡವಾಗಿವೆ, ಹಾಗಾಗಿ ಪ್ರಯತ್ನ ಮಾಡ್ತೀನಿ.”

“ಅಗಲ ಮಾಡೋಕೆ ತೇಪೆ ಬೇಕಲ್ಲ. ತೇಪೆ ಎಲ್ಲಿಂದ ತರ್ತೀರಿ? ತೊಡೆಯಿಂದಾನಾ?”

“ತೇಪೆ ಇಲ್ಲ. ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಹೊಲೀತೀವಿ.”

“ಬಟ್ಟೆ ಹಾಕದೆ ಅಗಲ ಬರಲ್ಲ ಡಾಕ್ಟ್ರೇ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ.”

ಸರ್ಜನ್ ನಕ್ಕರು. “ನಾನೂ ಇದೇ ಕೆಲಸ ಮಾಡ್ತಿದೀನಿ. ಮನೆಗೆ ಹೋದಾಗ ಒಂದು ತೋಳಿನ ಮೇಲೆ ಮಾಡಿ ನೋಡಿ, ಆಮೇಲೆ ಜಗಳ ಆಡೋಣ.”

ಆಪರೇಷನ್ನಿಗೆ ದಿನ ಗೊತ್ತಾಯಿತು. ಅದು ತಪ್ಪಿಹೋದದ್ದು ಒಂದು ಲಂಗದಿಂದ.

ತೂಕದ ಯಂತ್ರ ಕಡಿಮೆ ತೋರಿಸಿದಾಗಲೇ ಸರ್ಜನ್ ಕೇಳಿದ್ದರು, “ನೀವು ಮೊದಲಿಂದಲೂ ಇಷ್ಟೇ ತೆಳ್ಳಗಾ? ಈಚೆಗೆ ಇಳಿದ್ರಾ?” ಇಂಚಕ್ಕ ಪ್ರಾಮಾಣಿಕವಾಗಿಯೇ ಹೇಳಿದ್ದರು, “ಮೊದಲಿಂದಲೂ ತೆಳ್ಳಗೇ. ಬಟ್ಟೆ ಒಂದೂ ಸಡಿಲ ಆಗಿಲ್ಲ.” ಅಕ್ಕನೂ ಆಣೆ ಮಾಡುವವರಂತೆ ತಲೆಯಾಡಿಸಿದ್ದರು. ರಕ್ತಪರೀಕ್ಷೆ ಮಾತ್ರ ಬೇರೆ ಏನೋ ಹೇಳುತ್ತಿತ್ತು, ಅದು ಕಾಯಿಲೆಯ ಉರಿಯಿಂದಲೂ ಇರಬಹುದು ಎಂದುಕೊಂಡರು. ಮಾರನೆಯ ದಿನ ಸ್ನಾನ ಮಾಡಿಸಿದ ನರ್ಸು, ಮನೆಯಿಂದ ತಂದ ಲಂಗವನ್ನು ತೊಡಿಸಲು ತಿರುವಿ ಹಿಡಿದವಳು ಹಾಗೆಯೇ ನಿಂತಳು. ಸೊಂಟದ ಒಳಬದಿಯಲ್ಲಿ ಒಂದರ ಪಕ್ಕ ಒಂದರಂತೆ ನಾಲ್ಕೈದು ಸಾಲು ಹೊಲಿಗೆ. ಕತ್ತರಿಸದೆ ಒಳಕ್ಕೆ ಮಡಿಸಿದ ಬಟ್ಟೆ ಪುಸ್ತಕದ ಹಾಳೆಗಳಂತೆ ದಪ್ಪಗೆ ಕೂತಿತ್ತು.

“ಇದೇನಮ್ಮಾ ಇದು?”

“ಸೊಂಟ ಹಿಡಿದಿದ್ದು. ಸ್ವಲ್ಪ ಜೋಲುತ್ತಿತ್ತು.”

“ಯಾವಾಗ?”

“ಇದು ಹೋದ ತಿಂಗಳು. ಇದು ಚಳೀಲಿ. ಇದು ಅದಕ್ಕೂ ಮುಂಚೆ...” ಎಂದು ಬೆರಳಿಡುತ್ತ ಹೋದ ಇಂಚಕ್ಕ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮಾತು ನಿಲ್ಲಿಸಿದರು.

ಅವರು ಬಚ್ಚಿಟ್ಟಿರಲಿಲ್ಲ. ನಾನು ಇದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ಜೋಲುವ ಬಟ್ಟೆ ಮೈಮೇಲೆ ಇದ್ದರೆ ಅವರಿಗೆ ಯಂತ್ರದ ಮುಂದೆ ಕೂರಲಾಗುವುದಿಲ್ಲ. ಗಿರಾಕಿಯ ಬಟ್ಟೆ ಮುಗಿಸಿ ದಾರ ಬದಲಿಸುವ ಮುಂಚೆ ತಮ್ಮದನ್ನೂ ಒಂದು ಸಾಲು ಓಡಿಸಿಬಿಡುತ್ತಿದ್ದರು, ನಾವು ನೀವು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸುವ ಹಾಗೆ. ಮೈ ಇಳಿಯುತ್ತ ಹೋಯಿತು, ಬಟ್ಟೆ ಅದರ ಹಿಂದೆಯೇ ಇಳಿಯುತ್ತ ಹೋಯಿತು. ಊರವರ ಹೆಗಲಲ್ಲಿ ಅರ್ಧ ಇಂಚು ಕಾಣುವ ಕಣ್ಣಿಗೆ ತನ್ನ ಸೊಂಟದಿಂದ ಹೋದ ಅಷ್ಟು ಇಂಚು ಕಾಣಲಿಲ್ಲ.

ಸರ್ಜನ್ ಬಂದು ಲಂಗವನ್ನು ಬೆಳಕಿಗೆ ಹಿಡಿದು ನೋಡಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇಂಚಕ್ಕನ ಟೇಪಿನಲ್ಲೇ ಅಳೆದರು. ಆಪರೇಷನ್ ಮುಂದಕ್ಕೆ ಹಾಕಿದರು.

“ಇಷ್ಟು ಇಳಿದಿರೋ ಮೈಯಲ್ಲಿ ಹೊಲಿಗೆ ಹಾಕಿದ್ರೆ ಬಿಟ್ಟುಕೊಳ್ಳುತ್ತೆ. ಹೊಟ್ಟೆ ಒಳಗೆ ಸೋರಿದ್ರೆ ಪ್ರಾಣಕ್ಕೇ ಬರುತ್ತೆ. ಮೊದಲು ನೀವು ತುಂಬಿಕೋಬೇಕು. ಸ್ಟೀರಾಯ್ಡನ್ನೂ ಅಷ್ಟರೊಳಗೆ ಇಳಿಸಬೇಕು.”

“ಸವೆದ ಬಟ್ಟೇಲಿ ಹೊಲಿಗೆ ನಿಲ್ಲಲ್ಲ, ಪಕ್ಕದಲ್ಲೇ ಹರಿಯುತ್ತೆ,” ಎಂದು ಇಂಚಕ್ಕ ತಮಗೆ ತಾವೇ ಹೇಳಿಕೊಂಡರು.

ಸರ್ಜನ್ ಹೋದ ಮೇಲೆ ಅಕ್ಕ ಅಳು ತಡೆಯಲಾರದೆ ಬೈದರು. “ದಿನಾ ನಿನ್ನ ಸೊಂಟ ನೋಡ್ತಿದ್ದೆ ಕಣೇ ಪುಟ್ಟಿ! ದಿನಾ!”

“ನೋಡೋಕೆ ಚೆನ್ನಾಗಿ ಕೂತಿತ್ತು ತಾನೇ?”

“ಹಾಳಾದ ಕೈ ನಿಂದು!”

“ಅಕ್ಕ, ಬೈಬೇಡ. ಇನ್ನೊಂದು ವಾರ ಆ ನರ್ಸ್ ನೋಡದೆ ಇದ್ದಿದ್ರೆ ಸವೆದ ಬಟ್ಟೆಗೇ ಸೂಜಿ ಹಾಕಿಸ್ಕೋತಿದ್ದೆ ನಾನು.”

ದೇವರು ಯಾವ ಬಾಗಿಲಿನಿಂದ ಬರುತ್ತಾನೆ ಎಂದು ಹೇಳಲಾಗದು. ಆವತ್ತು ಲಂಗ ತಿರುವಿದ ಒಂದು ಕೈಯಾಗಿ ಬಂದ ಎಂದು ನಾನು ನಂಬಿದ್ದೇನೆ. ಇಂಚಕ್ಕ ಹಾಗೆ ಹೇಳುವುದಿಲ್ಲ. ಆ ನರ್ಸಿಗೆ ಹೊಲಿಗೆ ಬರುತ್ತದೆಯೇ ಎಂದು ವಿಚಾರಿಸಿದರು, ಅಷ್ಟೇ.

ಮನೆಗೆ ಬಂದು ಕಾಯುವ ದಿನಗಳು ಶುರುವಾದವು. ಡಬ್ಬಿಯ ಪುಡಿಯನ್ನು ನೀರಿಗೆ ಕದಡಿ ಮಾಡುವ ಪೌಷ್ಟಿಕ ಪಾನೀಯವೇ ಊಟ. ಮೂರು ಹೊತ್ತೂ, ನಡುನಡುವೆಯೂ. ಅದರ ರುಚಿ ಹೇಗಿದೆ ಎಂದು ಭಾವ ಒಂದು ಗುಟುಕು ಕುಡಿದು ನೋಡಿ, “ಗೋಡೆಗೆ ಹಚ್ಚೋಕೆ ಚೆನ್ನಾಗಿದೆ,” ಎಂದರು. ಯಂತ್ರ ತುಳಿಯಬಾರದೆಂದು ಅಕ್ಕ ಪೆಡಲಿಗೆ ಇಸ್ತ್ರಿ ಬಟ್ಟೆಯ ಗಂಟು ಒರಗಿಸಿಟ್ಟಿದ್ದರು. ಕೈಹೊಲಿಗೆಗೆ ಅಡ್ಡಿಯಿರಲಿಲ್ಲ.

ನಾನು ನೋಡಲು ಹೋದ ದಿನ ಇಂಚಕ್ಕನ ಮುಂದೆ ಹಳೆಯ ಅಂಗಿಯಿಂದ ಕಿತ್ತ ತೋಳುಗಳು ಬಿದ್ದಿದ್ದವು. ಪ್ರತಿ ತೋಳಿನ ನಡುವೆ ಸುತ್ತಲೂ ನೆರಿಗೆ ಹಿಡಿದು ಗಟ್ಟಿಯಾಗಿ ಹೊಲಿದು, ಒಂದೇ ಬೆರಳು ತೂರುವಷ್ಟು ಕಿರಿದು ಮಾಡಿದ್ದರು.

“ನೋಡಿ, ಇದು ನನ್ನ ಕರುಳು,” ಎಂದು ಒಂದನ್ನು ನನ್ನ ಕೈಗಿಟ್ಟರು. “ಮೊದಲು ಸೀಳಿ, ಸೀಳಿದ ಹಾಗೇ ಉದ್ದಕ್ಕೇ ಹೊಲಿದೆ. ಇದ್ದಿದ್ದಕ್ಕಿಂತ ಬಿಗಿ ಆಯ್ತು. ಡಾಕ್ಟ್ರು ಸುಳ್ಳು ಹೇಳಿದ್ರು ಅಂದ್ಕೊಂಡೆ.”

ಇನ್ನೊಂದು ತೋಳನ್ನು ಎತ್ತಿಕೊಂಡು ನನ್ನೆದುರೇ ಮಾಡಿ ತೋರಿಸಿದರು. ಬಿಗಿಯಾದ ಜಾಗದ ಮೇಲೆ, ತೋಳಿನ ಉದ್ದಕ್ಕೇ, ಅತ್ತ ಇತ್ತ ಎರಡು ಬೆರಳು ದಾಟುವಂತೆ ಒಂದು ಸೀಳು. ಆಮೇಲೆ ಸೀಳಿನ ಎರಡು ಅಂಚುಗಳನ್ನು ನಡುವಿನಲ್ಲಿ ಹಿಡಿದು ಎರಡು ಪಕ್ಕಕ್ಕೆ ಮೆಲ್ಲಗೆ ಎಳೆದರು. ಸೀಳು ಬಾಯಿ ತೆರೆದು ಗಾಳಿಪಟದ ಆಕಾರವಾಯಿತು. ಇನ್ನೂ ಎಳೆದಾಗ, ದೂರವಿದ್ದ ಮೇಲಿನ ತುದಿ ಕೆಳಗಿನ ತುದಿ ಎರಡೂ ಹತ್ತಿರ ಬಂದು ಒಂದನ್ನೊಂದು ಮುಟ್ಟಿದವು. ಉದ್ದದ ಸೀಳು ಈಗ ಅಡ್ಡದ ಸೀಳಾಗಿತ್ತು. ಅದನ್ನು ಅಡ್ಡಕ್ಕೇ ಹೊಲಿದು ಮುಚ್ಚಿ, ನಾಲ್ಕು ಬೆರಳು ಒಟ್ಟು ಸೇರಿಸಿ ತೂರಿಸಿದರು. ಸರಾಗವಾಗಿ ಹೋಯಿತು.

“ತೇಪೆ ಇಲ್ಲ!” ಎಂದರು. ಮೂಳೆ ಮೂಳೆಯಾಗಿದ್ದ ಆ ಮುಖದಲ್ಲಿ ಕಣ್ಣುಗಳು ಫಳಫಳ ಎನ್ನುತ್ತಿದ್ದವು. “ಉದ್ದದಿಂದ ಕದ್ದು ಅಗಲಕ್ಕೆ ಕೊಡೋದು. ತೋಳು ಒಂಚೂರು ಗಿಡ್ಡ ಆಯ್ತು, ಅಷ್ಟೇ. ಒಂದು ನೂಲೂ ಎಸೀಲಿಲ್ಲ. ಇಷ್ಟು ವರ್ಷ ಇದು ನನಗೆ ಯಾಕೆ ಹೊಳೀಲಿಲ್ಲ?”

“ಪ್ಯಾಂಟಿಗೆ ಮಾಡಿದ್ರೆ ಮೊಣಕಾಲ ಹತ್ರ ಎರಡು ಕಿವಿ ಬರುತ್ತೆ ಕಣೇ,” ಎಂದರು ಇಸ್ತ್ರಿ ಮೇಜಿನಿಂದ ಅಕ್ಕ. ನಿಜವಾಗಿಯೂ ಹೊಲಿಗೆಯ ಎರಡು ತುದಿಯಲ್ಲಿ ಬಟ್ಟೆ ಕಿವಿಯಂತೆ ಉಬ್ಬಿತ್ತು. ಒಳಗೂ ಹಾಗೇ ಉಬ್ಬುತ್ತದೆಯೇ, ಉಬ್ಬಿದಲ್ಲಿ ಅನ್ನ ಸಿಕ್ಕಿಕೊಳ್ಳುವುದಿಲ್ಲವೇ, ಹೊಲಿಯುವ ದಾರ ಯಾವುದು ಎಂದು ಇಂಚಕ್ಕ ಮುಂದಿನ ಭೇಟಿಗೆ ಪ್ರಶ್ನೆ ಕೂಡಿಡತೊಡಗಿದರು.

ಉಬ್ಬುತ್ತದೆ, ಸಿಕ್ಕಿಕೊಳ್ಳುವುದಿಲ್ಲ, ದಾರ ತಾನೇ ಕರಗಿಹೋಗುತ್ತದೆ ಎಂದು ಸರ್ಜನ್ನರಿಂದ ಉತ್ತರ ಬಂತು.

“ಕರಗೋ ದಾರದಲ್ಲಿ ನಾನು ಪ್ಯಾಂಟು ಹೊಲಿದ್ರೆ ಗಿರಾಕಿ ನನ್ನ ಬಿಡ್ತಾನಾ ಡಾಕ್ಟ್ರೇ?”

“ಪ್ಯಾಂಟು ತಾನೇ ಕೂಡಿಕೊಳ್ಳಲ್ಲ. ಕರುಳು ಕೂಡಿಕೊಳ್ಳುತ್ತೆ. ದಾರ ಬರೀ ಅಲ್ಲೀವರೆಗೆ ಹಿಡಿದಿರುತ್ತೆ.”

ಈ ಮಾತು ಇಂಚಕ್ಕ ನನಗೆ ಹೇಳಿದಾಗ ನಾನು ಬಹಳ ಹೊತ್ತು ಅದನ್ನೇ ನೆನೆದೆ. ಮನುಷ್ಯನ ಕೈ ಹಿಡಿದಿಡುವುದು ಸ್ವಲ್ಪ ಕಾಲ, ಕೂಡಿಸುವವನು ಬೇರೆ. 

ಸರ್ಜನ್ ಇನ್ನೊಂದು ಮಾತನ್ನೂ ಹೇಳಿದ್ದರು. ಹೊಟ್ಟೆ ತೆರೆದು ಕಣ್ಣಾರೆ ನೋಡುವವರೆಗೆ ಮಾತು ಕೊಡಲಾಗದು. ಆ ಜಾಗದಲ್ಲಿ ತೂತಾಗಿದ್ದರೆ, ಕೀವು ಕಟ್ಟಿದ್ದರೆ, ಕೆಟ್ಟ ಗಡ್ಡೆಯ ಅನುಮಾನ ಬಂದರೆ ಹೊಲಿಯಲಾಗುವುದಿಲ್ಲ, ಕತ್ತರಿಸಲೇಬೇಕು. ಇಂಚಕ್ಕ ಅದಕ್ಕೆ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. “ಎಷ್ಟು ತೆಗೆದ್ರಿ, ಎಷ್ಟು ಉಳೀತು ಅಂತ ನೀವೇ ನನಗೆ ಹೇಳ್ಬೇಕು. ನಮ್ಮ ಭಾವನಿಗೆ ಮೊದಲು ಹೇಳಬಾರದು.”

“ನಾನೇನು ಮಾಡಿದೆ ತಾಯಿ?” ಎಂದರು ಭಾವ.

“ಎಲ್ಲಾ ಚೆನ್ನಾಗಾಯ್ತು ಅಂತೀರಿ.”

ಮೈಯಲ್ಲಿ ಒಂದಿಷ್ಟು ಮಾಂಸ ಕೂಡಿದ ಮೇಲೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಆ ದಿನ ನಾನು ಮನೆಯಲ್ಲೇ ಕೂತು ಪ್ರಾರ್ಥಿಸಿದೆ. ಆಮೇಲೆ ಇಂಚಕ್ಕ ಕೇಳಿದರು, ಏನೆಂದು ಬೇಡಿಕೊಂಡಿರಿ ಎಂದು. ಒಳ್ಳೆಯದಾಗಲಿ ಎಂದು ಬೇಡಿಕೊಂಡೆ ಎಂದೆ. “ಅಷ್ಟು ಹೇಳಿದ್ರೆ ಸಾಲದು, ಅಳತೆ ಹೇಳ್ಬೇಕಿತ್ತು,” ಎಂದು ನಕ್ಕರು.

ಹೊರಗೆ ಬೆಂಚಿನ ಮೇಲೆ ಅಕ್ಕ ಭಾವ ಕಾದರು. ಸರ್ಜನ್ ಬಾಗಿಲು ತೆರೆದು ಬಂದು, “ಅವರು ಹುಷಾರಾಗಿದ್ದಾರೆ,” ಎಂದಷ್ಟೇ ಹೇಳಿ ಹೊರಟೇಹೋದರು. ಭಾವ ಬೆನ್ನು ಹತ್ತಿದರೂ ಪ್ರಯೋಜನವಾಗಲಿಲ್ಲ. ಇಂಚಕ್ಕನಿಗೆ ಪೂರ್ತಿ ಎಚ್ಚರವಾಗುವವರೆಗೆ ಅಕ್ಕ, ಕರುಳು ಉಳಿಯಿತೋ ಇಲ್ಲವೋ ಎಂದು ತಿಳಿಯದೆ ತಂಗಿಯ ಪಾದ ಹಿಡಿದು ಕೂತಿದ್ದರು. ಸಂಜೆ ಸರ್ಜನ್ ಬಂದಾಗ ಇಂಚಕ್ಕನ ಒಣ ಬಾಯಿಂದ ಬಂದ ಮೊದಲ ಮಾತು, “ಎಷ್ಟು?”

“ಎರಡು ಜಾಗಾನೂ ಹೊಲಿದೆ. ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ. ಸ್ಕ್ಯಾನಿನಲ್ಲಿ ಕಾಣದ ಇನ್ನೊಂದು ಸಿಕ್ತು. ಅದು ಕಲ್ಲಿನ ಹಾಗಿತ್ತು, ಪಕ್ಕದಲ್ಲಿ ಸಣ್ಣದಾಗಿ ಕೀವೂ ಇತ್ತು. ಹೊಲಿಯೋ ಹಾಗಿರಲಿಲ್ಲ, ಒಂದು ಬೆರಳುದ್ದ ತೆಗೆದೆ.”

“ಉಳಿದಿದ್ದು?”

“ಅಳೆದೆ. ಎರಡೂವರೆ ಮೀಟರು ಹತ್ರ. ಸಾಕಾಗುತ್ತೆ. ಬಾಯಿಂದಲೇ ಊಟ ಮಾಡ್ತೀರಿ.”

ಅಕ್ಕ ಮುಖ ಮುಚ್ಚಿಕೊಂಡು ಅತ್ತರು. ಇಂಚಕ್ಕ ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದರು. “ಅಷ್ಟರಲ್ಲಿ ಕೋಟು ಆಗುತ್ತೆ,” ಎಂದರು ಕೊನೆಗೆ. “ಜೊತೆಗೆ ಪ್ಯಾಂಟು ಕೇಳಿದ್ರೆ ಕಷ್ಟ.”

ಅಲ್ಲಿಗೆ ಎಲ್ಲವೂ ಮುಗಿಯುವುದಿಲ್ಲ. ಹೊಲಿದರೂ ಕಾಯಿಲೆ ಒಳಗೇ ಇದೆ. ಉರಿ ಮತ್ತೆ ಏಳದಂತೆ ತಡೆಯಲು ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಡ್ರಿಪ್ಪಿನಲ್ಲಿ ಹೊಸ ಔಷಧ ತೆಗೆದುಕೊಳ್ಳುತ್ತಾರೆ. ಪಕ್ಕದ ಕುರ್ಚಿಯವರ ಅಂಗಿಯ ತೋಳು ಉದ್ದವಾಗಿದ್ದರೆ ಅಲ್ಲೇ ಪಿನ್ನು ಹಾಕಿ ಕೊಡುತ್ತಾರೆ. ಔಷಧ ಕೆಲಸ ಮಾಡುತ್ತಿದೆಯೇ, ಕಿರಿದಾಗುವುದು ಮತ್ತೆ ಶುರುವಾಗಿದೆಯೇ ಎಂದು ಆರು ತಿಂಗಳ ಮೇಲೆ ಮತ್ತೆ ಕ್ಯಾಮೆರಾದ ಕೊಳವೆ ಹಾಕಿ ನೋಡಬೇಕೆಂದು ದೊಡ್ಡ ಡಾಕ್ಟರು ಹೇಳಿದ್ದರು. ಇಂಚಕ್ಕನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ಮತ್ತೆ ಕಿರಿದಾಗಿದ್ದರೆ ಇನ್ನು ಕತ್ತರಿಸಲು ಬಟ್ಟೆ ಹೆಚ್ಚಿಲ್ಲ.

ಆ ದಿನ ಕ್ಯಾಮೆರಾದ ಕೋಣೆಯಲ್ಲಿ ಎಡಕ್ಕೆ ಮಗ್ಗುಲಾಗಿ ಮಲಗಿದ ಇಂಚಕ್ಕ, ನೋವು ತಗ್ಗಿಸುವ ಸಣ್ಣ ಇಂಜೆಕ್ಷನ್ನಿಗಷ್ಟೇ ಒಪ್ಪಿದ್ದರು. ಪರದೆ ಅವರ ಎದುರಿಗೇ ಇತ್ತು. ದೊಡ್ಡ ಡಾಕ್ಟರು ಕೊಳವೆಯನ್ನು ಮೆಲ್ಲಮೆಲ್ಲಗೆ ಒಳ ನಡೆಸಿದರು. ಗುಲಾಬಿ ಬಣ್ಣದ, ಒದ್ದೆಯಾಗಿ ಹೊಳೆಯುವ ಸುರಂಗ ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುತ್ತ ಹೋಯಿತು. ಇಷ್ಟು ಚೆಂದ ಇದೆ ಎಂದು ಗೊತ್ತಿರಲಿಲ್ಲ ಎಂದರಂತೆ ಇಂಚಕ್ಕ.

“ಇದು ಬಲೂನು ಹಾಕಿದ ಜಾಗ,” ಎಂದರು ಡಾಕ್ಟರು. ಕೊಳವೆ ತಡೆಯಿಲ್ಲದೆ ದಾಟಿತು. “ಇದರಾಚೆ ಸ್ವಲ್ಪ ದೂರಕ್ಕೆ ಸರ್ಜನ್ ಹೊಲಿದಿದ್ದು. ಮೇಲಿನದಕ್ಕೆ ನಾನು ತಲುಪಲ್ಲ, ಕೆಳಗಿನದು ಸಿಗಬಹುದು. ತಿರುಗಿಸುವಾಗ ಹಿಡಿಯುತ್ತೆ, ತಡ್ಕೊಳ್ಳಿ.”

ಹೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡಿದಂತಾಯಿತು. ಇಂಚಕ್ಕ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದರು. ಹಣೆಯಲ್ಲಿ ಬೆವರು. ಪರದೆಯಲ್ಲಿ ಗೋಡೆಗಳು ಹತ್ತಿರ ಹತ್ತಿರ ಬಂದು, ಒಂದು ಕ್ಷಣ ಬರೀ ಕೆಂಪು ಮಂಜು. ಆಮೇಲೆ ದಾರಿ ತೆರೆದುಕೊಂಡಿತು. ನಡುವೆ ಅಗಲವಾದ ಒಂದು ಕೋಣೆ, ಎರಡು ಪಕ್ಕಕ್ಕೆ ಎರಡು ಉಬ್ಬು, ಅಡ್ಡಲಾಗಿ ನವಿರಾದ ಬಿಳಿ ಗೆರೆ. ಹುಣ್ಣು ಎಲ್ಲೂ ಇರಲಿಲ್ಲ.

ಕೋಣೆಯ ನರ್ಸು ಪಾಪ ಪರದೆ ನೋಡುತ್ತಿರಲಿಲ್ಲ, ಇಂಚಕ್ಕನ ಮುಖ ನೋಡುತ್ತಿದ್ದಳು. ಮಂಚದ ಮುಂದೆ ಬಂದು ಬಗ್ಗಿ, ಬೆವರು ಒರೆಸಿ, ದನಿ ತಗ್ಗಿಸಿ ಹೇಳಿದಳು.

“ಅಮ್ಮಾ, ಸಾಕು ನೀವು ಸಹಿಸಿದ್ದು. ಅರಿವಳಿಕೆ ಡಾಕ್ಟ್ರು ಪಕ್ಕದ ಕೋಣೆಲೇ ಇದ್ದಾರೆ. ನಿಮ್ಮ ಸರದಿ ಅಲ್ಲದಿದ್ರೂ ನಾನು ಹೇಳಿದ್ರೆ ಬರ್ತಾರೆ. ಪೂರ್ತಿ ನಿದ್ದೆ ಬರೋ ಹಾಗೆ ಕೊಡಿಸಿಬಿಡ್ತೀನಿ. ಏಳೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ, ಏನೂ ಗೊತ್ತಾಗಲ್ಲ.”

“ಬೇಡ ಕಣಮ್ಮ,” ಎಂದರು ಇಂಚಕ್ಕ, ಅವಳ ಹೆಗಲಿನಾಚೆ ಕತ್ತು ಚಾಚಿ. “ನೀನು ಒಂಚೂರು ಆ ಕಡೆ ನಿಂತ್ಕೋ. ನಂಗೆ ಕಾಣ್ತಾ ಇಲ್ಲ.”